ಮಾಳಮ್ಮನ ನೆಪದಲ್ಲಿ ಆಡಿದ ಮಾತು

ಈ ಪ್ರಕರಣವನ್ನು ನಾನು ಎಷ್ಟೋ ತರಬೇತಿ ಶಿಬಿರಗಳಲ್ಲಿ ಹೇಳಿದ್ದೇನೆ. ಹೇಳುತ್ತ ಹೇಳುತ್ತ ಅದರ ಅಂಚುಗಳೆಲ್ಲ ಸವೆದು ನುಣ್ಣಗಾಗಿವೆ. ಈಗ ಬರೆಯಲು ಕುಳಿತರೆ ಮೊದಲ ತೊಡಕೇ ಅದು: ನಾನು ಕಂಡದ್ದು ಯಾವುದು, ಕೇಳುವವರು ತಲೆದೂಗಿದರೆಂದು ಮುಂದಿನ ಸಲಕ್ಕೆ ಉಳಿಸಿಕೊಂಡದ್ದು ಯಾವುದು? ಹಸಿರು ಗಾಜಿನ ಬಳೆ ತೊಟ್ಟ ಕೈಯೊಂದು ಪುಟ್ಟ ಹುಡುಗಿಯ ಸೊಂಟವನ್ನು ಮೆಲ್ಲನೆ ಒತ್ತಿದ ಚಿತ್ರ ನನ್ನ ಕಣ್ಣ ಮುಂದಿದೆ. ಆದರೆ ಆ ಹೊತ್ತಿನಲ್ಲಿ ನಾನು ಬಾಗಿಲಲ್ಲಿ ನಿಂತು ಜನರ ಸಾಲು ಸರಿಪಡಿಸುತ್ತಿದ್ದೆ. ಅಲ್ಲಿಂದ ಆ ಕೈ ಕಾಣಲು ಸಾಧ್ಯವಿತ್ತೇ? ಗೊತ್ತಿಲ್ಲ. ವರ್ಷವೂ ಗಟ್ಟಿಯಿಲ್ಲ. ೧೯೮೨ ಇರಬೇಕು, ೮೩ ಎಂದು ಯಾರಾದರೂ ಪಟ್ಟು ಹಿಡಿದರೆ ನಾನು ವಾದಕ್ಕೆ ನಿಲ್ಲಲಾರೆ.

ಆಗ ನಾನು ರಾಯಚೂರಿನಲ್ಲಿ, ಕಿವಿ ಕೇಳದ ಮಕ್ಕಳಿಗಾಗಿ ಒಂದು ಖಾಸಗಿ ಸಂಸ್ಥೆ ನಡೆಸುತ್ತಿದ್ದ ಶಾಲಾಪೂರ್ವ ಕೇಂದ್ರದಲ್ಲಿ ಸಮಾಜ ಕಾರ್ಯಕರ್ತನಾಗಿದ್ದೆ. ಮೂರರಿಂದ ಐದು ವರ್ಷದೊಳಗಿನ ಮಕ್ಕಳನ್ನು ಅಲ್ಲಿ ಸೇರಿಸಿಕೊಳ್ಳುತ್ತಿದ್ದರು. ಸೇರಿದವರಿಗೆ ಎರಡು ವರ್ಷದ ಕಲಿಕೆ; ಐದು ತುಂಬಿದ ಮೇಲೆ ಹೊಸದಾಗಿ ಬಂದವರಿಗೆ ಬಾಗಿಲಿಲ್ಲ. ಮಗುವಿಗೆ ಭಾಷೆ ಕೂಡಿಬರುವ ವರ್ಷಗಳು ಅವು. ಕಿವಿ ಕೇಳದಿದ್ದರೆ ಆ ವರ್ಷಗಳಲ್ಲೇ ಯಂತ್ರ ಕೊಟ್ಟು, ಮಾತು ತೋರಿಸಿ ಕಲಿಸಬೇಕು. ತಾಯಿಯೂ ಮಗುವಿನ ಜೊತೆ ಕುಳಿತು ಕಲಿಯಬೇಕೆಂಬ ನಿಯಮವಿತ್ತು. ಅದು ಒಳ್ಳೆಯ ನಿಯಮವೇ.

ಧಾರವಾಡದಲ್ಲಿ ಎಂ.ಎಸ್.ಡಬ್ಲ್ಯು. ಮುಗಿಸಿ ಬಂದಿದ್ದ ನನಗೆ ನನ್ನ ಕೆಲಸ ಏನೆಂದು ಪುಸ್ತಕದಲ್ಲಿ ಸ್ಪಷ್ಟವಿತ್ತು. ಹಳ್ಳಿಗಳಲ್ಲಿ ಇಂಥ ಮಕ್ಕಳನ್ನು ಹುಡುಕುವುದು, ಮನೆಯವರಿಂದ ಮಗುವಿನ ಪೂರ್ವವೃತ್ತಾಂತ, ಅಂದರೆ ಕೇಸ್ ಹಿಸ್ಟರಿ, ಪಡೆಯುವುದು, ತಪಾಸಣೆಗೆ ಕರೆತರುವುದು, ಮನೆ ಮತ್ತು ಶಾಲೆಯ ನಡುವೆ ಸೇತುವೆಯಾಗುವುದು. ಸಂಸ್ಥೆಯಲ್ಲಿ ಮಾತ್ರ ಯಾರಿಗೂ ಅದು ಸ್ಪಷ್ಟವಿರಲಿಲ್ಲ. ಕಲಿಸುವವರು ಟೀಚರು, ಪರೀಕ್ಷಿಸುವವರು ಡಾಕ್ಟರು. ನಡುವೆ ಈ ಮನುಷ್ಯ ಯಾಕೆ? ಹಾಗಾಗಿ ಸುಣ್ಣ ಬಳಿಯುವವರನ್ನು ಕರೆತರುವುದು, ಸಮಾರಂಭಕ್ಕೆ ಶಾಮಿಯಾನ ಹೇಳುವುದು, ಅತಿಥಿಗಳನ್ನು ಸ್ಟೇಷನ್ನಿನಿಂದ ಕರೆತರುವುದು ನನ್ನ ಪಾಲಿಗೆ ಬಂದಿತ್ತು. ಹಳ್ಳಿಗೆ ಹೋಗುತ್ತೇನೆಂದರೆ ಕಾರ್ಯದರ್ಶಿಗಳು ಕನ್ನಡಕದ ಮೇಲಿಂದ ನೋಡಿ, "ಮತ್ತ ತಿರಗಾಟಾನಾ?" ಎನ್ನುತ್ತಿದ್ದರು.

ದೇವದುರ್ಗದ ಶಾಲೆಯೊಂದರಲ್ಲಿ ತಪಾಸಣಾ ಶಿಬಿರ ಏರ್ಪಡಿಸಿದ್ದೆವು. ಅರಕೇರಾದಿಂದ ಒಂದು ಕುರುಬರ ಕುಟುಂಬ ಬಂದಿತ್ತು. ಅಜ್ಜ ಬೀರಪ್ಪ, ಹೆಗಲ ಮೇಲೆ ಕಂಬಳಿ, ಗಟ್ಟಿ ದನಿಯ ಮನುಷ್ಯ. ಸೊಸೆ ಹಂಪಮ್ಮ, ತಲೆ ತುಂಬ ಸೆರಗು. ಅವಳ ಸೆರಗಿನ ತುದಿ ಹಿಡಿದ ಮಾಳಮ್ಮ, ನಾಲ್ಕು ದಾಟಿ ಐದರ ಹತ್ತಿರವಿದ್ದ ಹುಡುಗಿ. ಹಂಪಮ್ಮನ ಗಂಡ ಹಿಂಡಿನ ಅರ್ಧ ಹೊಡೆದುಕೊಂಡು ಆಂಧ್ರದ ಗದ್ದೆಗಳ ಕಡೆ ಹೋಗಿದ್ದ. ಹುಡುಗಿಗೆ ಮಾತು ಬಂದಿರಲಿಲ್ಲ.

ಸಾಲಿನಲ್ಲಿ ಕಾಯುವಾಗ ಮಾಳಮ್ಮ ಮಾಡಿದ್ದೊಂದು ನೆನಪಿದೆ. ಡಾಕ್ಟರು ಆಗಾಗ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ ಹುಬ್ಬು ಗಂಟಿಕ್ಕುತ್ತಿದ್ದರು. ಈ ಹುಡುಗಿ ಇಲ್ಲದ ಕನ್ನಡಕವನ್ನು ತೆಗೆದು, ಲಂಗದ ಅಂಚಿನಿಂದ ಒರೆಸಿ, ಹಾಗೆಯೇ ಹುಬ್ಬು ಗಂಟಿಕ್ಕಿದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು.

ತಪಾಸಣೆ ಎಂದರೆ ಇಷ್ಟೇ. ಮಗುವನ್ನು ತಾಯಿಯ ತೊಡೆಯ ಮೇಲೆ ಕೂರಿಸುವುದು. ಮಗುವಿಗೆ ಕಾಣದಂತೆ ಹಿಂದೆ ನಿಂತ ಸಹಾಯಕ ಗಂಟೆ ಬಾರಿಸುವುದು, ಸ್ಟೀಲಿನ ತಟ್ಟೆಗೆ ಚಮಚ ಬಡಿಯುವುದು. ಮಗು ತಿರುಗುತ್ತದೆಯೇ ಎಂದು ಡಾಕ್ಟರು ನೋಡುವುದು. ಕಿವಿಯ ಮಟ್ಟ ಅಳೆಯುವ ಆಡಿಯೋಮೀಟರ್ ನಮ್ಮಲ್ಲಿ ಒಂದಿತ್ತು, ಕೆಟ್ಟು ಕಪಾಟು ಸೇರಿತ್ತು.

"ಕರೆದರೆ ಬರುತ್ತಾಳಾ?" ಎಂದು ಡಾಕ್ಟರು ತಾಯಿಯನ್ನು ಕೇಳಿದರು. ತಾಯಿ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು. ಪಕ್ಕದಿಂದ ಬೀರಪ್ಪ ಹೇಳಿದ: "ಯಾಕ ಬರಂಗಿಲ್ರೀ ಸಾಹೇಬ್ರ? ನಾ ಒಂದು ಮಾತ ಕರದ್ರ ಓಡಿ ಬರ್ತಾಳ. ಕಿವಿ ಕಡಕ್ ಅದಾವು. ನಾಲಿಗಿ ಒಂದು ಎದ್ದಿಲ್ಲ."

ಸಹಾಯಕ ತಟ್ಟೆ ಬಡಿದ. ಹುಡುಗಿ ತಿರುಗಿದಳು. ಗಂಟೆ ಬಾರಿಸಿದ. ತಿರುಗಿದಳು. ಕಿವಿ ಕೇಳುತ್ತದೆ, ಮಾತಿಲ್ಲ. ಹಾಗಾದರೆ ಬುದ್ಧಿಮಾಂದ್ಯ ಎಂದು ಡಾಕ್ಟರು ಬರೆದರು. ಮುಂದಿನವರನ್ನು ಕರೆದರು.

ಬುದ್ಧಿಮಾಂದ್ಯ ಎಂದು ಬರೆಸಿಕೊಂಡ ಮಗುವಿಗೆ ನಮ್ಮ ಕೇಂದ್ರದಲ್ಲಿ ಜಾಗವಿರಲಿಲ್ಲ. ನನಗೆ ತಿಳಿದ ಮಟ್ಟಿಗೆ ಜಿಲ್ಲೆಯಲ್ಲಿ ಬೇರೆಲ್ಲೂ ಇರಲಿಲ್ಲ. ಇಲ್ಲದ ಕನ್ನಡಕ ಒರೆಸಿದ ಆ ಹುಡುಗಿ ನನ್ನ ತಲೆಯಿಂದ ಹೋಗಲೊಲ್ಲಳು. ರಾಯಚೂರಿಗೆ ಮರಳಿ ಕಾರ್ಯದರ್ಶಿಗಳ ಮುಂದೆ ನಿಂತೆ.

"ಡಾಕ್ಟರು ಬರದಾರ, ಮುಗೀತು," ಎಂದರು. "ನೀವು ಎಂ.ಎಸ್.ಡಬ್ಲ್ಯು. ಇದ್ದೀರಿ, ಎಂ.ಬಿ.ಬಿ.ಎಸ್. ಅಲ್ಲ."

"ಮನಿಗಿ ಹೋಗಿ ಒಮ್ಮೆ ನೋಡಿ ಬರ್ತೀನಿ ಸರ್."

"ನೋಡಿ ಏನು ಮಾಡ್ತೀರಿ? ಬರ್ರಿ, ಮೊದಲು ಶಾಮಿಯಾನದವನ ಕಡೆ ಹೋಗಿ ಬರ್ರಿ."

ಶಾಮಿಯಾನ ಮುಗಿಸಿಕೊಂಡೇ ನಾನು ಅರಕೇರಾಕ್ಕೆ ಹೋದದ್ದು. ಬೀರಪ್ಪ ಪ್ರೀತಿಯಿಂದಲೇ ಬರಮಾಡಿಕೊಂಡ. ಕಂಬಳಿ ಹಾಸಿ ಕೂರಿಸಿ ಮೊದಲ ಪ್ರಶ್ನೆ ಕೇಳಿದ: "ಮದಿವಿ ಆಗ್ಯಾದೇನ್ರೀ ಸರ?"

"ಇಲ್ಲ."

"ಅದಕ್ಕ ಮಂದಿ ಮಕ್ಕಳನ್ನ ಹುಡುಕ್ಕೋತ ಊರೂರು ತಿರಗಾಕತ್ತೀರಿ."

ಶಾಲೆಯ ಮಾತೆತ್ತಿದರೆ ನಕ್ಕ. "ಮಾತ ಬರದ ಹುಡುಗಿಗಿ ಸಾಲಿ! ನಾಳಿ ನಮ್ಮ ಕುರಿಗೂ ಒಂದು ಪಾಟಿ ಕೊಡಸ್ರಿ."

ಒಳಗಿನಿಂದ ಹಂಪಮ್ಮನ ದನಿ ಕೇಳಿತು. "ಮಾಳೀ, ನಿಮ್ಮ ತಾತಗ ಹೇಳು, ಚಾ ಆಗ್ಯಾದ ಅಂತ."

ಬೀರಪ್ಪ ಬಾಗಿಲ ಕಡೆ ನೋಡದೆ, ಹೊಸ್ತಿಲಲ್ಲಿ ಕುಳಿತ ಹುಡುಗಿಗೆ ಹೇಳಿದ: "ನಿಮ್ಮವ್ವಗ ಹೇಳು, ಸರಗೂ ತಗೊಂಡು ಬಾ ಅಂತ."

ಆ ಮನೆಯಲ್ಲಿ ಸೊಸೆ ಮಾವನ ಜೊತೆ ನೇರವಾಗಿ ಮಾತಾಡುವಂತಿರಲಿಲ್ಲ. ಹೇಳಬೇಕಾದ್ದನ್ನು ಮಗುವಿಗೆ ಹೇಳುವುದು, ಮಾವ ಕೇಳಿಸಿಕೊಳ್ಳುವುದು; ಮಾವನೂ ಮಗುವಿಗೇ ಹೇಳುವುದು, ಸೊಸೆ ಕೇಳಿಸಿಕೊಳ್ಳುವುದು. ಇದು ಹಲವು ಮನೆಗಳಲ್ಲಿದ್ದ ಮರ್ಯಾದೆಯ ರೂಢಿ. ಈ ಮನೆಯಲ್ಲಿ ಮಾತು ದಾಟುವ ಮಗು ಮಾಳಮ್ಮ. ದಿನವಿಡೀ ಅವಳ ಹೆಸರು ಹಿಡಿದು ಮಾತು ನಡೆಯುತ್ತಿತ್ತು: ಮಾಳೀ ಜೋಳ ಮುಗಿದಾವ ಅಂತ ಹೇಳು, ಮಾಳೀ ಸಂತಿಗಿ ಹೋಗಬೇಕಂತ ಹೇಳು. ಆ ಮಾತಿನ ನಡುವೆ ಕುಳಿತ ಹುಡುಗಿ ಹೊಸ್ತಿಲ ಮಣ್ಣಿನಲ್ಲಿ ಬೆರಳಾಡಿಸುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಬೀರಪ್ಪ ನನಗೆ ತೋರಿಸಲೆಂದೇ "ಮಾಳೀ, ಬಾ ಇಲ್ಲಿ" ಎಂದ. ಬಾಗಿಲ ಮರೆಯಿಂದ ಒಂದು ಕೈ ಹುಡುಗಿಯ ಬೆನ್ನು ತಟ್ಟಿ ಮುಂದಕ್ಕೆ ನೂಕಿತು. ಹುಡುಗಿ ಎದ್ದು ಅಜ್ಜನ ಬಳಿ ಓಡಿ ಬಂದಳು. "ನೋಡ್ರಿ!" ಎಂದ ಬೀರಪ್ಪ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನು ಕುಳಿತ ಜಾಗದಿಂದ ಆ ಕೈ ಕಾಣುತ್ತಿರಲಿಲ್ಲ. ಅವನ ಮಟ್ಟಿಗೆ ಕರೆದಾಗಲೆಲ್ಲ ಮೊಮ್ಮಗಳು ಬಂದಿದ್ದಳು.

ದೇವದುರ್ಗದಲ್ಲಿ ತಟ್ಟೆ ಬಡಿದಾಗಲೂ ಹೀಗೆಯೇ ಆಗಿರಬೇಕೆಂದು ನನಗೆ ಹೊಳೆದದ್ದು ಅಲ್ಲಿ. ಹಸಿರು ಬಳೆಯ ಚಿತ್ರ ನನ್ನ ನೆನಪಿನೊಳಗೆ ಸೇರಿಕೊಂಡದ್ದೂ ಅಲ್ಲೇ ಇರಬಹುದು.

ಗೊತ್ತಿದ್ದವಳು ತಾಯಿ. ಅವಳನ್ನು ಒಂಟಿಯಾಗಿ ಮಾತಾಡಿಸುವುದು ಪರಗಂಡಸಾದ ನನ್ನಿಂದ ಸಾಧ್ಯವಿರಲಿಲ್ಲ. ನಮ್ಮ ಕೇಂದ್ರದ ಸರೋಜಾ ಟೀಚರ್ ಬಂದರೆ ಅರ್ಧ ಗಂಟೆಯ ಕೆಲಸ. ಅವರನ್ನು ಕಳಿಸಿ ಎಂದು ಕಾರ್ಯದರ್ಶಿಗಳನ್ನು ಕೇಳಿದೆ. ಟೀಚರ್ ಹೋದರೆ ತರಗತಿ ಯಾರು ನೋಡಬೇಕು ಎಂದರು. ಮತ್ತೆ ಕೇಳಿದೆ. ಮನೆ ಮನೆ ತಿರುಗುವುದು ನಿಮ್ಮ ಕೆಲಸ, ಅವರದಲ್ಲ ಎಂದರು. ಎರಡೂ ಮಾತು ಸರಿಯೇ ಇದ್ದವು. ಹುಡುಗಿ ಮಾತ್ರ ಐದರ ಕಡೆ ನಡೆಯುತ್ತಿದ್ದಳು.

ಕೊನೆಗೆ ತಾಯಿಯನ್ನು ಕೇಳುವ ಯೋಚನೆಯನ್ನೇ ಬಿಟ್ಟೆ. ತಾಯಿ ಇಲ್ಲದ ಹೊತ್ತಿನಲ್ಲಿ ಅಜ್ಜ ಕರೆಯಬೇಕು, ಅಷ್ಟೇ. ದೇವದುರ್ಗದಲ್ಲಿ ಉಳಿದು ಬೆಳಗಿನ ಮೊದಲ ಬಸ್ಸಿಗೆ ಅರಕೇರಾಕ್ಕೆ ಹೋದೆ. ಕುರಿಗಳನ್ನು ಇನ್ನೂ ಮೇಯಲು ಬಿಟ್ಟಿರಲಿಲ್ಲ. ಮುಳ್ಳಿನ ಬೇಲಿಯೊಳಗೆ ಹಿಂಡು ತಲೆ ತಗ್ಗಿಸಿ ಒಣ ಸೊಪ್ಪು ಮುಕ್ಕುತ್ತಿತ್ತು. ಬೇಲಿಗೆ ಮುಖ ಮಾಡಿ ಮಾಳಮ್ಮ ಒಡೆದ ಕುಡಿಕೆಯೊಂದಕ್ಕೆ ಮಣ್ಣು ತುಂಬುತ್ತಿದ್ದಳು. ಹಂಪಮ್ಮ ಕೊಡ ಹೊತ್ತು ಬಾವಿಗೆ ಹೊರಟಳು. ಅವಳು ಮರೆಯಾಗುವವರೆಗೆ ಕಾದು, "ಯಜಮಾನ್ರ, ಹುಡುಗೀನ ಒಮ್ಮೆ ಕರೀರಿ" ಎಂದೆ.

"ಮಾಳೀ!" ಎಂದ. ಹುಡುಗಿ ಮಣ್ಣು ತುಂಬುತ್ತಿದ್ದಳು.

"ಏ ಮಾಳೀ, ಬಾ ಇಲ್ಲಿ!"

ಕುಡಿಕೆ ಬೋರಲು ಹಾಕಿ ಮತ್ತೆ ತುಂಬತೊಡಗಿದಳು.

"ಆಟದಾಗ ಅದಾಳ್ರೀ," ಎಂದು ನನ್ನ ಕಡೆ ನಕ್ಕ. ನಾನು ನಗಲಿಲ್ಲ. ಅವನ ಮುಖ ಬಿಗಿಯಿತು. ಎದ್ದು ನಿಂತು, ಗುಡ್ಡದ ಆಚೆ ಚದುರಿದ ಹಿಂಡನ್ನು ಕರೆಯುವ ಕೂಗು ಹಾಕಿದ. ಹೊಟ್ಟೆಯಿಂದ ಎದ್ದು ಬಂದ ಕೂಗು. ನನ್ನ ಕಿವಿಯೇ ಗುಂಯ್ ಎಂದಿತು. ಬೇಲಿಯೊಳಗಿನ ಹಿಂಡಿಗೆ ಹಿಂಡೇ ಸೊಪ್ಪು ಬಿಟ್ಟು ತಲೆ ಎತ್ತಿ ನಮ್ಮ ಕಡೆ ನೋಡಿತು. ಹುಡುಗಿ ಮಾತ್ರ ತಿರುಗಲಿಲ್ಲ.

ಬೀರಪ್ಪ ಮತ್ತೆ ಕೂಗಲಿಲ್ಲ. ಕಂಬಳಿಯ ಮೇಲೆ ಕುಳಿತುಬಿಟ್ಟ.

ಕೂಗು ಕೇಳಿ ಏನಾಯಿತೋ ಎಂದು ಹಂಪಮ್ಮ ಅರ್ಧ ತುಂಬಿದ ಕೊಡದೊಂದಿಗೆ ಓಡಿ ಬಂದಳು. ಬೀರಪ್ಪ ಅಭ್ಯಾಸದಂತೆ ಮೊಮ್ಮಗಳ ಬೆನ್ನಿಗೆ ಹೇಳಿದ: "ನಿಮ್ಮವ್ವಗ ಕೇಳು. ನಿನಗ ಕೇಳಸಂಗಿಲ್ಲ ಅಂತ ಆಕಿಗಿ ಗೊತ್ತಿತ್ತೇನು ಅಂತ ಕೇಳು."

ಹಂಪಮ್ಮ ಕೊಡ ಇಳಿಸಿದಳು. ಮಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದಳು: "ನಿಮ್ಮ ತಾತಗ ಹೇಳವ್ವಾ. ನೀ ಅಂಬೆಗಾಲಿಡೋವಾಗಿಂದ ನನಗ ಗೊತ್ತದ ಅಂತ ಹೇಳು. ಹೇಳಬೇಕಂದ್ರ ನಿನ್ನ ಕೈಲೇ ಹೇಳಸಬೇಕಿತ್ತು. ನಿನಗ ಹೆಂಗ ಹೇಳ್ಲಿ?"

ಈ ಮಾತುಗಳ ಬಗ್ಗೆ ನನಗೆ ಅನುಮಾನ ಕಡಿಮೆ. ಆ ದಿನ ಬಸ್ಸಿನಲ್ಲಿ ಕುಳಿತು ಇವನ್ನೇ ಮತ್ತೆ ಮತ್ತೆ ಹೇಳಿಕೊಂಡಿದ್ದೇನೆ.

ಬೀರಪ್ಪ ಕಂಬಳಿಯಿಂದ ಎದ್ದ. ಆಮೇಲೆ ಸೊಸೆಯ ಕಡೆಗೇ ತಿರುಗಿ, "ಹಂಪಮ್ಮಾ, ರಾಯಚೂರಿಗಿ ಯಾವಾಗ ಹೋಗಬೇಕು, ನೀನ ಸರಗ ಕೇಳು" ಎಂದ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ತರಬೇತಿ ಶಿಬಿರಗಳಲ್ಲಿ ನಾನು ಇಲ್ಲಿಗೇ ಮುಗಿಸುತ್ತಿದ್ದೆ, ಚಪ್ಪಾಳೆಯೂ ಬೀಳುತ್ತಿತ್ತು. ನಿಜವಾದ ಕೆಲಸದ ಕಾಟ ಶುರುವಾದದ್ದು ಆಮೇಲೆ. ನಾನು ಕಂಡದ್ದನ್ನು ಹೇಳಿದರೆ ಕಾರ್ಯದರ್ಶಿಗಳು, "ಕುರಿ ತಲಿ ಎತ್ತಿದ್ದು ವೈದ್ಯಕೀಯ ಪುರಾವೆ ಆಗ್ತದೇನ್ರಿ?" ಎಂದರು. ಆಗುವುದಿಲ್ಲ, ನಿಜ. ಬರೆದ ಡಾಕ್ಟರೇ ತಿದ್ದಬೇಕು ಎಂದರು. ಆ ಡಾಕ್ಟರು ವರ್ಗವಾಗಿ ಹೋಗಿದ್ದರು. ಇನ್ನೊಂದು ಶಿಬಿರ ನಡೆಯಲಿ ಎಂದರು. ಅದು ಮಾನ್ವಿಯಲ್ಲಿ, ತಿಂಗಳುಗಳ ನಂತರ. ಆ ತಿಂಗಳುಗಳಲ್ಲಿ ಮಾಳಮ್ಮನಿಗೆ ಐದು ತುಂಬಿತು.

ಮಾನ್ವಿಗೆ ಮೂವರೂ ಬಸ್ಸು ಬದಲಿಸಿ ಬಂದರು. ಅಲ್ಲಿದ್ದ ಡಾಕ್ಟರು ಹಳೆಯ ಚೀಟಿ ನೋಡಿ, "ಒಬ್ಬರು ಬರೆದದ್ದನ್ನು ನಾನ್ಯಾಕೆ ತಿದ್ದಬೇಕು?" ಎಂದು ಪಕ್ಕಕ್ಕಿಟ್ಟರು. ನಾನು ಇಂಗ್ಲಿಷಿನಲ್ಲಿ ವಿವರಿಸಲು ಹೋದೆ. ಅವರು ಗಡಿಯಾರ ನೋಡಿಕೊಂಡರು. ಆಗ ಬೀರಪ್ಪ ಮೇಜಿನ ಮುಂದೆ ಬಂದು ನಿಂತ. ಕೋಣೆಯ ತುಂಬ ಜನ, ಅರಕೇರಾದವರೂ ಕೆಲವರಿದ್ದರು.

"ಸಾಹೇಬ್ರ, ಅವತ್ತು ಕೇಳಸ್ತದ ಅಂತ ಹೇಳಿದಾವ ನಾನು. ಆ ಡಾಕ್ಟರು ನನ್ನ ಮಾತ ನಂಬಿ ಬರದಾರ. ನನ್ನ ಮಾತ ಸುಳ್ಳಾಗ್ಯಾದ ಅಂತ ಇಷ್ಟು ಮಂದಿ ಮುಂದ ನಾನ ಹೇಳಾಕತ್ತೀನಿ. ಇನ್ನೇನು ಬೇಕ್ರಿ ನಿಮಗ?"

ಯಾರೋ ಹಿಂದಿನಿಂದ, "ಬೀರಪ್ಪ ತನ್ನ ಮಾತ ಸುಳ್ಳಂದಾ! ಇವತ್ತ ಏನೋ ಕಾದದ" ಎಂದರು. ಬೀರಪ್ಪ ತಿರುಗಿ ನೋಡಲಿಲ್ಲ. ಮೊಮ್ಮಗಳನ್ನು ಎತ್ತಿ ಮೇಜಿನ ಮೇಲೆ ಒಂಟಿಯಾಗಿ ಕೂರಿಸಿದ. ಸೊಸೆಗೆ, "ನೀ ಆ ಗ್ವಾಡಿ ಕಡೆ ನಿಂದ್ರು. ಆಕಿನ್ನ ಮುಟ್ಟಬ್ಯಾಡ" ಎಂದ.

ತಟ್ಟೆ ಬಡಿದರು. ಗಂಟೆ ಬಾರಿಸಿದರು. ಮಾಳಮ್ಮ ಡಾಕ್ಟರ ಮೇಜಿನ ಮೇಲಿದ್ದ ಟಾರ್ಚು ನೋಡುತ್ತ ಕುಳಿತಿದ್ದಳು. ಗೋಡೆಗೆ ಒತ್ತಿ ನಿಂತ ಹಂಪಮ್ಮ ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿದಿದ್ದಳು.

ಎರಡೂ ಕಿವಿಗಳಲ್ಲಿ ತೀವ್ರ ಶ್ರವಣದೋಷ ಎಂದು ಡಾಕ್ಟರು ಹೊಸದಾಗಿ ಬರೆದರು. ಸಂಸ್ಥೆಯಲ್ಲಿ ಹೊಸ ಅಡ್ಡಿ ಕಾದಿತ್ತು: ವಯಸ್ಸು ಮೀರಿದೆ. ತಡ ಮಾಡಿದ್ದು ಹುಡುಗಿಯಲ್ಲ, ನಾವು ಎಂದೆ. ದನಿ ಏರಿತ್ತೆಂದು ಕಾಣುತ್ತದೆ, ಪಕ್ಕದ ಕೋಣೆಯಿಂದ ಸರೋಜಾ ಟೀಚರ್ ಬಂದು ಬಾಗಿಲಲ್ಲಿ ನಿಂತರು. ಕೊನೆಗೆ ಕಾರ್ಯದರ್ಶಿಗಳು ಒಂದು ದಾರಿ ಕಂಡುಕೊಂಡರು. ಪ್ರವೇಶವಲ್ಲ, 'ವೀಕ್ಷಣೆ', ಅದೂ ಆ ಶಾಲಾ ವರ್ಷ ಮುಗಿಯುವ ತನಕ. ದಸರೆಯ ನಂತರ ಬಂದು ಬೇಸಿಗೆಗೆ ಹೊರಟುಹೋಗಬೇಕು. ಎರಡು ವರ್ಷ ಸಿಗಬೇಕಾದ ಮಗುವಿಗೆ ಸಿಕ್ಕದ್ದು ಅಷ್ಟು.

ಹಂಪಮ್ಮ ಮಗಳೊಂದಿಗೆ ರಾಯಚೂರಿನಲ್ಲಿ ಉಳಿದಳು. ಹುಡುಗಿಯ ಎದೆಗೆ ಚೀಲದಲ್ಲಿ ಶ್ರವಣಯಂತ್ರ ಕಟ್ಟಿದರು. ನನ್ನ ಅಸಮಾಧಾನ ಅಲ್ಲಿಗೂ ನಿಲ್ಲಲಿಲ್ಲ. ಕೈಸನ್ನೆ ಮಾಡಿದರೆ ಮಕ್ಕಳಿಗೆ ಮಾತು ಬರುವುದಿಲ್ಲವೆಂದು ಆಗಿನ ಪದ್ಧತಿ ನಂಬಿತ್ತು. "ಹಂಪಮ್ಮ, ಕೈ ಆಡಿಸಬೇಡಿ, ಬಾಯಿ ತೆರೆದು ಹೇಳಿ" ಎಂದು ಟೀಚರ್ ದಿನವೂ ತಿದ್ದುತ್ತಿದ್ದರು. ಊರಲ್ಲಿ ಬಾಯಿ ಮುಚ್ಚಿ ಕೈಯಲ್ಲೇ ಮಗಳನ್ನು ಸಾಕಿದ ಹೆಣ್ಣುಮಗಳಿಗೆ ಇಲ್ಲಿ ಬಾಯಿ ಬಿಡಿಸಿ ಕೈ ಕಟ್ಟಿಸಿದರು. ಅದು ಸರಿಯಲ್ಲವೆಂದು ನನಗೆ ಆಗಲೇ ಅನಿಸಿತ್ತೇ? ಅನಿಸಿತ್ತು ಎಂದು ಬರೆಯಲು ಆಸೆಯಾಗುತ್ತದೆ. ಖಾತ್ರಿಯಿಲ್ಲ. ಬೇಸಿಗೆಯ ಹೊತ್ತಿಗೆ ಮಾಳಮ್ಮನಿಗೆ ಕೆಲವು ಪದಗಳು ಬಂದಿದ್ದವು. ಆಮೇಲೆ ಅವರು ಊರಿಗೆ ಮರಳಿದರು.

ಈ ವೃತ್ತಿ ನನಗೆ ಕಲಿಸಿದ್ದನ್ನು ಕೇಳಿದರೆ ಇಷ್ಟು ಹೇಳಬಲ್ಲೆ. ಮಗುವಿನ ಬಗ್ಗೆ ಮನೆಯಲ್ಲಿ ಗಟ್ಟಿಯಾಗಿ ಮಾತಾಡುವವರು ಪ್ರಾಮಾಣಿಕರೇ ಇರಬಹುದು. ಆದರೂ ಮಗುವಿನ ಬೆನ್ನ ಮೇಲೆ ಯಾರ ಕೈಯಿದೆ ಎಂದು ನೋಡದೆ ಅವರ ಮಾತನ್ನು ಬರೆದುಕೊಳ್ಳಬಾರದು. ಅದನ್ನು ನೋಡಲು ಮನೆಗೇ ಹೋಗಬೇಕು. ಸಮಾಜ ಕಾರ್ಯಕರ್ತ ಯಾಕೆ ಬೇಕು ಎಂಬುದಕ್ಕೆ ನನ್ನಲ್ಲಿರುವ ಉತ್ತರ ಇದೊಂದೇ. ಅದನ್ನು ಒಪ್ಪಿಸಲು ನನಗೆ ಆ ಸಂಸ್ಥೆಯಲ್ಲಿ ಕೊನೆಯವರೆಗೂ ಆಗಲಿಲ್ಲ.

ಇದನ್ನು ಬರೆಯುವ ಮುಂಚೆ ಅನುಮಾನ ತಡೆಯಲಾರದೆ ಅರಕೇರಾಕ್ಕೆ ಹೋಗಿ ಬಂದೆ. ಬೀರಪ್ಪ ತೀರಿಕೊಂಡು ಬಹಳ ವರ್ಷಗಳಾಗಿವೆ. ಹಂಪಮ್ಮನ ಕೂದಲು ಪೂರ್ತಿ ಬೆಳ್ಳಗಾಗಿದೆ. ಮಾಳಮ್ಮ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಗಿರಣಿಯ ಸದ್ದಿಗೆ ಅಲ್ಲಿ ಬಂದವರೆಲ್ಲ ಕೈಸನ್ನೆಯಲ್ಲೇ ಮಾತಾಡಬೇಕು. "ಊರ ಮಂದಿನ್ನೆಲ್ಲಾ ಮೂಕರ್ನ ಮಾಡ್ಯಾಳ್ರೀ ಸರ ನನ್ನ ಮಗಳು," ಎಂದು ಹಂಪಮ್ಮ ನಕ್ಕಳು.

ಹಸಿರು ಬಳೆಯ ಕೈ ಬಗ್ಗೆ ಕೇಳಿದೆ.

"ಕೈ ಅಲ್ರೀ. ಕೈ ಆಡಿಸಿದ್ರ ಡಾಕ್ಟರು ನೋಡ್ತಿದ್ದಿಲ್ಲೇನು? ತೊಡಿ ಅಲಗಿಸಿದ್ದೆ. ಕೇಳಸ್ತದ ಅಂತ ಮಾವ ಹೇಳಿದ ಮ್ಯಾಲ, ಮಂದ್ಯಾಗ ಅವರ ಮಾತ ಹೆಂಗ ಕೆಳಗ ಹಾಕ್ಲಿ?"

ಅಂದರೆ ಇಷ್ಟು ವರ್ಷ ನಾನು ಶಿಬಿರಗಳಲ್ಲಿ ವರ್ಣಿಸಿದ ಆ ಕೈ ಇರಲೇ ಇಲ್ಲ. ಇನ್ನು ಕುರಿಗಳು? ಆಗ ಹಂಪಮ್ಮ ಬಾವಿಯ ಬಳಿ ಇದ್ದಳು. ನನ್ನೊಂದಿಗೆ ಅಂಗಳದಲ್ಲಿದ್ದವರಲ್ಲಿ ಉಳಿದವಳು ಮಾಳಮ್ಮ ಒಬ್ಬಳೇ. ಪ್ರಶ್ನೆಯಲ್ಲೇ ಉತ್ತರ ತುಂಬಬಾರದೆಂದು ಕುರಿಯ ಮಾತೆತ್ತಲಿಲ್ಲ. ತಾತ ಕೂಗಿದ, ತಾಯಿ ಕೊಡ ಇಳಿಸಿ ಮುಖ ಹಿಡಿದ ಆ ಬೆಳಗಿನದು ಅವಳಿಗೆ ಏನು ನೆನಪಿದೆ ಎಂದಷ್ಟೇ ಕೇಳಲು ಹಂಪಮ್ಮನಿಗೆ ಹೇಳಿದೆ. ತಾಯಿ ಮಗಳ ಕೈಗಳು ಸ್ವಲ್ಪ ಹೊತ್ತು ಆಡಿದವು. ಮಾಳಮ್ಮ ನನ್ನ ಕಡೆ ತಿರುಗಿದಳು. ಎರಡೂ ಅಂಗೈಗಳನ್ನು ಕಿವಿಗಳ ಪಕ್ಕ ಜೋತು ಬಿಟ್ಟು, ತಲೆ ತಗ್ಗಿಸಿ ಸೊಪ್ಪು ಮುಕ್ಕುವಂತೆ ಬಾಯಾಡಿಸಿದಳು. ಆಮೇಲೆ ಥಟ್ಟನೆ ತಲೆ ಎತ್ತಿ ಕಣ್ಣರಳಿಸಿ ನೋಡಿದಳು. ಬೆರಳುಗಳನ್ನೆಲ್ಲ ಬಿಡಿಸಿ, ಎಲ್ಲವೂ, ಒಂದೇ ಸಲಕ್ಕೆ, ಎಂದು ತೋರಿಸಿದಳು.

ಹಿಂಡು ತಲೆ ಎತ್ತಿದ್ದು ನಿಜ. ಯಾಕೆ ಎತ್ತಿತೆಂದು ಮಾತ್ರ ಅವಳಿಗೆ ಆಗ ತಿಳಿಯಲಿಲ್ಲವಂತೆ. ಎಲ್ಲವೂ ತನ್ನನ್ನೇ ನೋಡಿದವು ಎಂದುಕೊಂಡಿದ್ದಳಂತೆ.